ವೃಷಭೇಂದ್ರನ ಒಂದೇ ಸ್ವರ

"ಯಾರ್ನ ಕೇಳ್ಬುಟ್ಟು ರಿಪೇರಿ ಮಾಡಿಸ್ದೆ? ಬಾಯ್ಬುಡು! ಯಾರ್ನ ಕೇಳ್ದೆ?"

"ಯಾರ್ನ ಕೇಳ್ಬೇಕಮ್ಮಿ? ಪೆಟ್ಟಿಗೆ ನಂದು. ಅಪ್ಪ ನಂಗೆ ಕೊಟ್ಟೋದದ್ದು. ನಿಂಗೆ ಕೊಟ್ಟ ಅಂಡೆ ಕೊಳಗಕ್ಕೆ ನೀನು ಕಲಾಯಿ ಆಕುಸ್ವಾಗ ನಾನೇನಾರ ಕೇಳಕ್ಕೆ ಬಂದಿದ್ನಾ?"

"ಮೊದ್ಲು ಎಂಗಿತ್ತೋ ಅಂಗೇ ಮಾಡ್ಕೊಡು. ಒಳಕ್ಕೆ ಮಣ್ ತುಂಬು!"

"ತುಂಬ್ತೀನಿ ತಾಳು, ನಿನ್ ಬಾಯಿಗೆ ತುಂಬ್ತೀನಿ! ಚಾಮರಾಜನಗರಕ್ಕೆ ಓಗಿ, ಒಂದಿನ ಪೂರ್ತಿ ಕಾದು, ತೊಡೆ ಮ್ಯಾಲೆ ಮಗ ಮಡಿಕ್ಕಂಡಂಗೆ ಮಡಿಕ್ಕಂಡು ತಂದಿವ್ನಿ. ಮಣ್ ತುಂಬಂತೆ!"

ಪಣಕಹಳ್ಳಿಯಲ್ಲಿ ಈ ಅಣ್ಣ ತಂಗಿ ಬೆಳಿಗ್ಗೆ ಬೆಳಿಗ್ಗೆಯೇ ಹೀಗೆ ಕೂಗಾಡುವುದು ಹೊಸದೇನಲ್ಲ. ಪುಟ್ಟಬಸಪ್ಪನ ಜಗಲಿಯ ಮುಂದೆ ಹಾಲಿನ ಕ್ಯಾನು ಹೊತ್ತು ಹೋಗುತ್ತಿದ್ದವರು ತಿರುಗಿ ಕೂಡ ನೋಡಲಿಲ್ಲ. ಹೊಸದು ಏನೆಂದರೆ, ಪುಟ್ಟಬಸಪ್ಪ ಈ ಸಲ ತಂಗಿಗೆ ಒಳ್ಳೆಯದು ಮಾಡಲು ಹೋಗಿ ಬೈಸಿಕೊಳ್ಳುತ್ತಿದ್ದ.

ಸಂಗತಿ ಇಷ್ಟು. ಪುಟ್ಟಬಸಪ್ಪ ಊರ ಭಜನೆ ಮೇಳದ ಹಾರ್ಮೋನಿಯಂ. ತಂಗಿ ಮಂಗಳಗೌರಿಯ ಗಂಡ ವೃಷಭೇಂದ್ರ ಅದೇ ಮೇಳದಲ್ಲಿ ತಾಳ ಹಾಕುತ್ತಿದ್ದವನು. ಹೋದ ವರ್ಷ ಕೋಸು ಕೀಳುವ ಹೊತ್ತಿನಲ್ಲಿ, ಹೊಲದ ಬದುವಿನಲ್ಲಿ ಕೂತವನು ಏಳಲಿಲ್ಲ. ಅಲ್ಲಿಂದ ಈಚೆಗೆ ಮಂಗಳಗೌರಿ ದಿನವೂ ಹಸು ಕರೆಯುತ್ತಾ ಕರೆಯುತ್ತಾ ಗಂಡನ ಮೇಲೆ ಒಂದೊಂದೇ ಸಾಲು ಕಟ್ಟಿದ್ದಳು. ಬರುವ ಸೋಮವಾರ ಅವನ ವರ್ಷದ ಪೂಜೆ. ಆವತ್ತು ಮೇಳದವರು ಈ ಪದವನ್ನು ಹಾಡಬೇಕು, ಅಣ್ಣ ಮಟ್ಟು ಹಾಕಿಕೊಡಬೇಕು ಎಂದು ಕೇಳಿದ್ದಳು. ಯಾರು ಸತ್ತರೂ ಹಾಡುವ ಅದೇ ಹಳೆಯ ಪದಗಳನ್ನು ತನ್ನ ಗಂಡನಿಗೂ ಹಾಡಿ ಮುಗಿಸುವುದು ಅವಳಿಗೆ ಬೇಕಿರಲಿಲ್ಲ. ಹಾಡಿನಲ್ಲಿ ಅವನೇ ಇರಬೇಕು, ಅವನ ಹಾಗೆಯೇ ಇರಬೇಕು. ಅಷ್ಟು ಬಿಟ್ಟು ಬೇರೇನನ್ನೂ ಅವಳು ಯಾರನ್ನೂ ಕೇಳಿರಲಿಲ್ಲ.

ತಂಗಿ ಮೊದಲ ಸಲ ಏನೋ ಕೇಳಿದ್ದಾಳೆ, ಮುರುಕು ಪೆಟ್ಟಿಗೆಯಲ್ಲಿ ನುಡಿಸುವುದೇ ಎಂದು ಪುಟ್ಟಬಸಪ್ಪ ಹಾರ್ಮೋನಿಯಮ್ಮನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ್ದ. ಹಳ್ಳ ಬಂದಾಗಲೆಲ್ಲ ಅದರ ತಿದಿ 'ಹ್ಞೂಂ' ಎಂದು ನರಳುವುದು. ತಮಿಳುನಾಡು ಬಸ್ಸಿನ ಕಂಡಕ್ಟರು "ಉಳ್ಳೆ ಎನ್ನ, ಆಡಾ?" ಎಂದು ತಮಿಳಿನಲ್ಲಿ ಕೇಳಿ, ಒಳಗಿರುವುದು ಮೇಕೆಯೋ ಏನೋ ಎಂದು ದುಪ್ಪಟಿ ಎತ್ತಿ ನೋಡಿದ್ದನಂತೆ.

ಆ ಪೆಟ್ಟಿಗೆಗೆ ಇದ್ದದ್ದು ಒಂದೇ ರೋಗ. ಇಪ್ಪತ್ತು ವರ್ಷದ ಕೆಳಗೆ ಕುಂಬಾರಹುಳ ಹೇಗೋ ಒಳಗೆ ನುಗ್ಗಿ, ಒಂದು ರೀಡಿನ ಬಾಯಿಗೆ ಮಣ್ಣಿನ ಗೂಡು ಕಟ್ಟಿಬಿಟ್ಟಿತ್ತು. ಆ ಕೀ ಒತ್ತಿದರೆ ಸ್ವರವಿಲ್ಲ, ಬರೀ ಗಾಳಿ. ಸ್ವರವೂ ಎಂಥದು, ಹಾಡು ಮೇಲಕ್ಕೆ ಹತ್ತುವಾಗ ಸಿಗುವ ಕೊನೆಯ ಮೆಟ್ಟಿಲು. ಅದಿಲ್ಲದೆ ಯಾವ ಪದವೂ ಮೇಲೆ ಹೋಗುವುದಿಲ್ಲ. ಆಗ ಆ ಜಾಗಕ್ಕೆ ಬಾಯಿ ಹಾಕಿದವನು ವೃಷಭೇಂದ್ರ. ತಾಳ ಕುಟ್ಟುತ್ತಾ ಕೂತಿರುವನು; ಪುಟ್ಟಬಸಪ್ಪನ ಬೆರಳು ಆ ಕೀ ಹತ್ತಿರ ಬಂದದ್ದೇ ತಡ, ಗಲ್ಲ ಮೇಲೆತ್ತಿ, ಎಡಗಣ್ಣು ಮುಚ್ಚಿ, ಅರ್ಧ ಮೂಗಿನಲ್ಲಿ ಅರ್ಧ ಗಂಟಲಿನಲ್ಲಿ ಆ ಸ್ವರ ಹಿಡಿಯುವನು. ಸರಿಯಾಗಿ ಅಲ್ಲೇ ಬಂದು ಕೂರುವುದು. ವರ್ಷಗಟ್ಟಲೆ ಕೇಳಿದವರಿಗೆ ಪೆಟ್ಟಿಗೆ ಎಲ್ಲಿ ನಿಂತಿತು, ವೃಷಭೇಂದ್ರ ಎಲ್ಲಿ ಶುರು ಮಾಡಿದ ಎಂದು ಗೊತ್ತೇ ಆಗುತ್ತಿರಲಿಲ್ಲ.

ಅವನು ದೊಡ್ಡ ಹಾಡುಗಾರ ಎಂದು ಊರು ತಿಳಿದಿತ್ತು. ನಿಜ ಗೊತ್ತಿದ್ದದ್ದು ಹೆಂಡತಿಗೆ. ಅವನಿಗೆ ಬರುತ್ತಿದ್ದದ್ದು ಅದೊಂದೇ ಸ್ವರ. ಮನೆಯಲ್ಲಿ, ಹೊಲದಲ್ಲಿ, ಬೆಳೆಗೆ ನುಗ್ಗುವ ಕಾಡುಹಂದಿ ಕೂಗಿ ಓಡಿಸುವ ಕಾವಲು ಗುಡಿಸಲಿನಲ್ಲಿ, ಎಲ್ಲೆಲ್ಲೂ ಅದನ್ನೇ ಎಳೆಯುತ್ತಿದ್ದ. ಇನ್ನೊಂದು ಹಾಡಿ ಎಂದರೆ ಕೆಮ್ಮು ಬಂತು ಎನ್ನುತ್ತಿದ್ದ.

ಅವನು ಸತ್ತ ದಿನ ಮೇಳದವರು ಹೆಣದ ಮುಂದೆ ಕೂತು ಭಜನೆ ಮಾಡಿದರು. ಯಾವ ಪದ ಎತ್ತಿದರೂ ಅಲ್ಲಿಗೆ ಬಂದು ಕುಂಟಿತು. ಪುಟ್ಟಬಸಪ್ಪನ ಬೆರಳು ಒತ್ತುವುದು, 'ಉಸ್' ಎಂದು ಗಾಳಿ ಬರುವುದು. "ನೋಡ್ರವ್ವ, ಬಾವುನ್ ಮ್ಯಾಲೆ ಎಷ್ಟು ಪ್ರಾಣ, ಸ್ವರವೇ ಏಳ್ತಿಲ್ಲ" ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಗಂಡನ ಕಾಲ ಬಳಿ ಕೂತಿದ್ದ ಮಂಗಳಗೌರಿಗೆ ಅಷ್ಟು ಅಳುವಿನ ನಡುವೆ ನಗು ಉಕ್ಕಿ ಬಂದು, ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಈಗ ಅದೇ ಜಾಗದಲ್ಲಿ, ಚಾಮರಾಜನಗರದ ಯಾವನೋ ಕೂರಿಸಿದ ಹೊಸ ರೀಡು 'ಪೀ' ಎಂದು ಕೂಗುತ್ತಿತ್ತು.

"ಆ ಜಾಗ ಅವ್ರುದು ಕಣ" ಎಂದಳು ಮಂಗಳಗೌರಿ. ಕೂಗಿ ಕೂಗಿ ಅವಳ ಗಂಟಲು ಒಡೆದಿತ್ತು. "ನಿನ್ ಪೆಟ್ಟಿಗೆ ಇನ್ನೆಲ್ ಬೇಕಾರೂ ಅರಚ್ಕಳ್ಳಿ. ಅಲ್ಲಿ ಅರಚ್ಬಾರ್ದು. ಅವ್ರು ಕುಂತಿದ್ ಜಾಗ್ದಲ್ಲಿ ತಗಡು ಕುಂಡ್ರುಸಿದ್ಯಲ್ಲ, ನಿಂಗೆ ಅದೆಲ್ ಗೊತ್ತಾದದು! ಅವ್ರಿಗಿದ್ದದ್ದೇ ಅದೊಂದು ಸ್ವರ."

ಪುಟ್ಟಬಸಪ್ಪ ಪೆಟ್ಟಿಗೆಯ ಮುಚ್ಚಳ ದಡಾರನೆ ಹಾಕಿದ.

"ಗೊತ್ತಿಲ್ವಾ? ನಂಗೆ ಗೊತ್ತಿಲ್ವಾ?" ಅವನ ಮೂಗಿನ ತುದಿ ಕೆಂಪಾಗಿತ್ತು. "ಮಣ್ಣು ಕೆರುದ್ರೆ ಸರಿ ಓಯ್ತದೆ ಅಂತ ಮೊದಲ್ನೇ ವಾರ್ದಲ್ಲೇ ಗೊತ್ತಿತ್ತು ಕಣಮ್ಮಿ. ಆಗ ಒಂದು ಪಿನ್ನು ಸಾಕಾಗಿತ್ತು. ಯಾಕ್ ಕೆರೀನಿಲ್ಲ ಯೋಳು? ಸರಿ ಮಾಡುದ್ರೆ ನಿನ್ ಗಂಡ ತಾಳ ಕುಟ್ಕಂಡು ಸುಮ್ನೆ ಕುಂತ್ಕಬೇಕಾಗಿತ್ತು. ಅದೊಂದ್ ಸ್ವರಕ್ಕೋಸ್ಕರ ಬಾವ ಹೊಲದಿಂದ ಓಡ್ಬರೋನು, ಸ್ನಾನ ಮಾಡೋನು, ಒಗೆದ ಪಂಚೆ ಉಡೋನು. ಇಪ್ಪತ್ ವರ್ಸ ಕುಂಟು ಪೆಟ್ಟಿಗೆ ನುಡಿಸ್ಕಂಡ್ ಬಂದಿವ್ನಿ. ಅಕ್ಕಪಕ್ಕದೂರೋರೆಲ್ಲ ನಕ್ಕವ್ರೆ. ಈಗ ಅವ್ನೇ ಇಲ್ಲ. ಯಾರ್ಗೋಸ್ಕರ ಕೆಡಿಸ್ಕಂಡ್ ಕುಂತಿರ್ಲಿ?"

ಗಂಡನ ಗುಟ್ಟು ತನ್ನೊಬ್ಬಳದು ಎಂದು ಮಂಗಳಗೌರಿ ಇಷ್ಟು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ್ದಳು. ಅಣ್ಣನೂ ಅದನ್ನೇ ಕಟ್ಟಿಕೊಂಡಿದ್ದ.

ಜಗಲಿಯ ತುದಿಯಲ್ಲಿ ತಬಲಾ ಸ್ವಾಮಿ ಕೂತಿದ್ದ. ಹಗಲೆಲ್ಲ ತರಕಾರಿ ಗಾಡಿ ಓಡಿಸುವ ಆಸಾಮಿ; ಲೋಡು ಇಳಿಸಿ ಮಟ್ಟು ಕೇಳಲು ಬಂದವನು ಜಗಳದಲ್ಲಿ ಸಿಕ್ಕಿಬಿದ್ದಿದ್ದ. "ಜಗಳ ಆಯ್ತಾ, ಇಲ್ಲ ಇನ್ನೂ ಅದಾ?" ಎಂದ. "ಆಯ್ತು ಅಂದ್ರೆ ಒಂದ್ಲೋಟ ಕಾಪಿ ಕುಡ್ದು ಮಟ್ಟು ಕೇಳವ."

"ಕೇಳ್ಸಣ್ಣಯ್ಯ" ಎಂದಳು ಮಂಗಳಗೌರಿ, ಕೂತುಕೊಳ್ಳದೆ.

ಪುಟ್ಟಬಸಪ್ಪ ಕಣ್ಣು ಮುಚ್ಚಿ ತಿದಿ ಎಳೆದ. ಮೊದಲ ಸಾಲು ಎತ್ತಿ ಅದನ್ನು ಎಳೆದ, ಎಳೆದ, ಇನ್ನೂ ಎಳೆದ. 'ಮೂಲೇಲಿ' ಎಂಬ ಒಂದು ಮಾತು ಮುಗಿಯುವಷ್ಟರಲ್ಲಿ ಸ್ವಾಮಿ ಕಾಪಿ ಲೋಟ ಅರ್ಧ ಖಾಲಿ ಮಾಡಿದ್ದ.

"ನಿಲ್ಸು" ಎಂದಳು ಮಂಗಳಗೌರಿ.

"ಈಗೇನಮ್ಮಿ?"

"ಇಷ್ಟು ನಿಧಾನಕ್ಕೆ ಕರುದ್ರೆ ಅಸ ಒದೀತದೆ."

"ಇದು ಸಾವಿನ್ ಪದ! ಕೇಳ್ದೋರ್ ಕಣ್ಣಲ್ಲಿ ನೀರು ಬರ್ಬೇಕು."

"ನನ್ ಕಣ್ಣಲ್ಲಿ ಬಂದಿರದು ಸಾಲ್ದಾ? ವರ್ಸ ಪೂರ್ತಿ ಬಂದದೆ. ಸಾಯಂಕಾಲ ಕೊಟ್ಟಿಗೆ ತಾವ್ಕೆ ಬಾ. ಎಂಗ್ ಕಟ್ಟಿದ್ನೋ ಅಂಗೇ ಯೋಳ್ತೀನಿ. ಅದ್ಕೆ ಮಟ್ಟು ಆಕು. ಬಾಯ್ ಸೋತದೆ ಅಂತ ಬುಟ್ಟಿವ್ನಿ, ಇಲ್ದಿದ್ರೆ ಇನ್ನೂ ಅದೆ ನಿಂಗೆ."

ಸಾಯಂಕಾಲ ಪುಟ್ಟಬಸಪ್ಪ ಬಂದ. ಹೋಗುವುದಿಲ್ಲ ಎಂದು ಮನೆಯಲ್ಲಿ ಹೇಳಿಯೇ ಬಂದಿದ್ದ. ಪೆಟ್ಟಿಗೆ ತಲೆಯ ಮೇಲಿತ್ತು, ಮುಖ ಗಂಟಾಗಿತ್ತು. ಹಿಂದೆಯೇ ಸ್ವಾಮಿ. ತಬಲಾ ಕೊಟ್ಟಿಗೆಯ ಗಂಜಲದಲ್ಲಿ ಇಡುವುದು ಬೇಡವೆಂದು ಅವನು ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತ. ಅಪ್ಪನ ಪೂಜೆಗೆಂದು ಗಂಡನ ಮನೆಯಿಂದ ಬಂದಿದ್ದ ಮಗಳು ಶೈಲಶ್ರೀ ಕರುವನ್ನು ಹಿಡಿದು ನಿಂತಳು.

ಮಂಗಳಗೌರಿ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಚ್ಚಲಿಗೆ ನೀರು ಚಿಮುಕಿಸಿದಳು. ಎರಡು ಕೈಗೆ ಎರಡು ಮೊಲೆ. 'ಸರ್ರ್, ಸರ್ರ್' ಎಂದು ಹಾಲು ತಂಬಿಗೆಯ ತಳಕ್ಕೆ ಬಿತ್ತು. ಅದರ ಮೇಲೆ ಅವಳು ಪದ ಹೇಳಿದಳು.

ಮೂಲೇಲಿ ನಿಂತಾವೆ ಕೆರ ಎರಡು ಬಾಯ್ಬುಟ್ಟು
ಕಾಲೆಲ್ಲಿ ಬುಟ್ಟೋದೆ ಯಜಮಾನ

ಉಪ್ಪು ಜಾಸ್ತಿ ಅಂತ ಬೈಯೋರು ಯಾರಿಲ್ಲ
ಸಪ್ಪೆಯಾಯ್ತು ಸಾರು ಯಜಮಾನ

ಶೈಲಶ್ರೀ ಪಕ್ಕನೆ ನಕ್ಕಳು. "ಅಪ್ಪ ಯಾವಾಗವ್ವ ಬೈದಿದ್ದು? ನೀನೇ ಅಪ್ಪನ್ನ ಬೈತಿದ್ದೆ, ಉಪ್ಪು ಕೇಳ್ದಾಗೆಲ್ಲ."

"ಪದ್ದಲ್ಲಾದ್ರೂ ಬೈಯ್ಲಿ ಬುಡು ಪಾಪ" ಎಂದ ಸ್ವಾಮಿ. ಅವನ ಬೆರಳು ಆಗಲೇ ಬಕೆಟ್ಟಿನ ಮೇಲೆ ಹಾಲಿನ ಸದ್ದನ್ನು ಹಿಡಿದಿತ್ತು.

ಪುಟ್ಟಬಸಪ್ಪ ತಲೆ ಒಂದು ಕಡೆಗೆ ವಾಲಿಸಿ ಕೇಳುತ್ತಿದ್ದ. ಅವನ ಕೋಪ ಹೋಗಿರಲಿಲ್ಲ, ಆದರೆ ಕಿವಿ ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ಹುಲ್ಲಿನ ಕಂತೆಯ ಮೇಲೆ ಪೆಟ್ಟಿಗೆ ಇಟ್ಟು ತಿದಿ ಎಳೆದ. ಮೊದಲ ಸಾಲು ನೆಲದ ಮೇಲೆ ನಡೆಯಿತು, ಎರಡನೆಯ ಸಾಲು ಸರಸರನೆ ಮೇಲೆ ಹತ್ತಿತು. 'ಯಜಮಾನ' ಎಂಬಲ್ಲಿ, ಆ 'ಮಾ' ಮೇಲೆ, ನೆತ್ತಿ ಮುಟ್ಟಿತು. ಮಟ್ಟು ಅಂದರೆ ಅದು. ಹಸು ಕೂಡ ಮೆಲುಕು ನಿಲ್ಲಿಸಿ ಕಿವಿ ತಿರುಗಿಸಿತು.

ಆದರೆ ಆ 'ಮಾ' ಬಂದು ಕೂತದ್ದು ಅದೇ ಹೊಸ ರೀಡಿನ ಮೇಲೆ. 'ಪೀ.'

ಹಾಲು ನಿಂತಿತು. ಮಂಗಳಗೌರಿ ಹಸುವಿನ ಹೊಟ್ಟೆಯ ಕೆಳಗಿನಿಂದ ಅಣ್ಣನನ್ನು ನೋಡಿದಳು.

"ಪೆಟ್ಟಿಗೆ ಕೆಡ್ಸಕಿಲ್ಲ" ಎಂದ ಪುಟ್ಟಬಸಪ್ಪ, ಅವಳು ಕೇಳುವ ಮೊದಲೇ. "ಇನ್ನೊಂದ್ಸಲ ಯೋಳ್ತೀನಿ, ಕೆಡ್ಸಕಿಲ್ಲ."

"ಕೆಡುಸ್ಬ್ಯಾಡ."

"ಮತ್ತೆ?"

"ಬೆರ್ಳು ನಿಂದು ತಾನೆ? ಎತ್ತು."

ಪುಟ್ಟಬಸಪ್ಪ ಅದನ್ನು ಯೋಚಿಸಿರಲಿಲ್ಲ. ಯೋಚಿಸಿರಲಿಲ್ಲ ಎಂದು ಒಪ್ಪಿಕೊಳ್ಳುವ ಜಾತಿಯೂ ಅವನಲ್ಲ. "ಅದ್ನೇ ಯೋಳಣ ಅಂತಿದ್ದೆ" ಎಂದು ಮತ್ತೆ ನುಡಿಸಿದ. ಮೇಲಕ್ಕೆ ಹತ್ತಿ, ಕೊನೆಯ ಮೆಟ್ಟಿಲಿಗೆ ಬಂದು ಬೆರಳು ಎತ್ತಿದ. ಹಾಡು ಬಾವಿಕಟ್ಟೆಯ ಮೇಲೆ ಒಂಟಿ ಕಾಲಲ್ಲಿ ನಿಂತ ಹಾಗಾಯಿತು.

"ಅಯ್ಯೋ, ಬಿದ್ದೋಯ್ತದೆ ಮಾವ" ಎಂದಳು ಶೈಲಶ್ರೀ.

"ನಾನ್ ಹಿಡೀತೀನಿ ತಕ್ಕಳಿ" ಎಂದು ಸ್ವಾಮಿ ಮುಂದಿನ ಸಾಲಿಗೆ ಗಲ್ಲ ಎತ್ತಿ ಬಾಯಿ ಹಾಕಿದ. ಬಂದದ್ದು 'ಮ್ಯಾ'. ಹಗ್ಗ ಬಿಗಿದ ಮೇಕೆ ಮರಿ ಕೂಗಿದ ಹಾಗೆ. ಕರು ಬೆಚ್ಚಿ ಶೈಲಶ್ರೀಯ ಕಾಲು ತುಳಿಯಿತು. ಪುಟ್ಟಬಸಪ್ಪ ತಾನೇ ಹಾಡಲು ನೋಡಿದ. ಬೆರಳು ಎತ್ತಿದರೆ ಬಾಯಿಯೂ ನಿಲ್ಲುವುದು ಅವನ ಅಭ್ಯಾಸ. ಶೈಲಶ್ರೀ ಹಾಡಿದಳು. ಇಂಪಾಗಿಯೇ ಇತ್ತು.

"ಚೆನ್ನಾಗದೆ" ಎಂದಳು ಮಂಗಳಗೌರಿ. "ಬ್ಯಾಡ."

"ನೀನೇ ಹಾಡವ್ವ ಮತ್ತೆ."

"ನಾನ್ ಆಡ್ಬುಟ್ರೆ ಅದು ನನ್ ಸ್ವರ ಆಯ್ತದೆ. ನಂಗೆ ಬೇಕಾಗಿರದು ಅವ್ರು."

"ಸತ್ತೋನ್ನ ಎಲ್ಲಿಂದ ಎಳ್ಕಂಡ್ ಬರ್ಲಮ್ಮಿ ನಾನು?" ಎಂದ ಪುಟ್ಟಬಸಪ್ಪ. ಆದರೆ ಈ ಸಲ ಕೂಗಲಿಲ್ಲ. ಪೆಟ್ಟಿಗೆಯ ಮೇಲೆ ಬಿದ್ದಿದ್ದ ಹುಲ್ಲಿನ ಎಸಳುಗಳನ್ನು ಒಂದೊಂದಾಗಿ ಆರಿಸುತ್ತಾ ಹೇಳಿದ. ಮಂಗಳಗೌರಿ ಉಳಿದ ಹಾಲು ಕರೆದು ಎದ್ದಳು. ಎಲ್ಲರಿಗೂ ಕಾಪಿ ಕೊಟ್ಟಳು. ಅಣ್ಣನ ಲೋಟಕ್ಕೆ ಸಕ್ಕರೆ ಎರಡು ಚಮಚ ಹಾಕಿದಳು, ಅವನಿಗೆ ಡಾಕ್ಟರು ಬೇಡ ಎಂದಿದ್ದರೂ.

ಸೋಮವಾರ ಬೆಳಿಗ್ಗೆ ಹೊಲದ ಮೂಲೆಯಲ್ಲಿದ್ದ ವೃಷಭೇಂದ್ರನ ಗದ್ದುಗೆಗೆ ಪೂಜೆಯಾಯಿತು. ಮಧ್ಯಾಹ್ನ ಊಟ. ಪಾಯಸ ಬಡಿಸಿದ ಮೇಲೆ ಮೇಳದವರು ಮಂಗಳಗೌರಿಯ ನಡುಮನೆಯಲ್ಲಿ ಕೂತರು. ಗಂಡಸರು ಗೋಡೆಗೆ ಒರಗಿದರು, ಹೆಂಗಸರು ಬಾಗಿಲಿನಿಂದ ಜಗಲಿಯ ತನಕ ತುಂಬಿದರು. ಹೊಟ್ಟೆ ತುಂಬಿತ್ತು, ಸೆಕೆಯಿತ್ತು. ಮೊದಲ ಎರಡು ಪದಕ್ಕೆ ಅರ್ಧ ಜನ ತೂಕಡಿಸಿದರು. ಮಂಗಳಗೌರಿ ಒಳಬಾಗಿಲ ಹೊಸ್ತಿಲ ಮೇಲೆ ಮೊಣಕಾಲು ಹಿಡಿದು ಕೂತಿದ್ದಳು. ಆ ಜಾಗ ಖಾಲಿಯೇ ಹೋಗುತ್ತದೆ, ಹೋಗಲಿ, ತಗಡು ಕೂಗುವುದಕ್ಕಿಂತ ಅದೇ ಮೇಲು ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

"ಇನ್ನು ನಮ್ ಗೌರಿ ಕಟ್ಟಿರೋ ಪದ" ಎಂದ ಪುಟ್ಟಬಸಪ್ಪ. ಅದಕ್ಕಿಂತ ದೊಡ್ಡ ಭಾಷಣ ಅವನಿಗೆ ಬರುವುದಿಲ್ಲ.

ಮೊದಲ ಸಾಲಿಗೆ ತೂಕಡಿಸುತ್ತಿದ್ದವರ ತಲೆ ಎದ್ದಿತು. ಸಾವಿನ ಪದಕ್ಕೆ ಇಂಥ ನಡೆಯನ್ನು ಅವರು ಕೇಳಿರಲಿಲ್ಲ. 'ಕಾಲೆಲ್ಲಿ ಬುಟ್ಟೋದೆ' ಎಂದು ಮೇಲಕ್ಕೆ ಹತ್ತಿತು. ಕೊನೆಯ ಮೆಟ್ಟಿಲು. ಪುಟ್ಟಬಸಪ್ಪ ಬೆರಳು ಎತ್ತಿದ.

ಖಾಲಿ.

ಅಷ್ಟೇ ಹೊತ್ತು. ಮರುಗಳಿಗೆಯಲ್ಲಿ ಹಾಡು ಕೆಳಗಿಳಿದು ಮುಂದೆ ಹೋಯಿತು. ಆದರೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಿಗೆ ಇಟ್ಟ ತುತ್ತನ್ನು ಯಾರೋ ಕಿತ್ತುಕೊಂಡ ಹಾಗೆ ಅವರಿಗಾಗಿತ್ತು. ಇಪ್ಪತ್ತು ವರ್ಷ ಕೇಳಿದ ಕಿವಿಗಳು ಅವು.

ಎರಡನೆಯ ಪದ್ಯ. 'ಉಪ್ಪು ಜಾಸ್ತಿ' ಎಂಬಲ್ಲಿ ಹೆಂಗಸರ ಕಡೆಯಿಂದ ಕಿಸಕ್ಕೆಂದಿತು. 'ಸಪ್ಪೆಯಾಯ್ತು ಸಾರು ಯಜ' ಎಂದು ಮೇಲೆ ಹತ್ತಿ ಬೆರಳು ಎದ್ದಾಗ, ಗೋಡೆಗೆ ಒರಗಿದ್ದ ಮುದುಕ ಲಿಂಗಯ್ಯ, ತನಗೇ ತಿಳಿಯದ ಹಾಗೆ, ಗಲ್ಲ ಮೇಲೆತ್ತಿದ. ಎಡಗಣ್ಣು ಮುಚ್ಚಿದ. "ಮಾ" ಎಂದ, ಅರ್ಧ ಮೂಗಿನಲ್ಲಿ.

ಯಾರೋ ನಕ್ಕರು. ಲಿಂಗಯ್ಯ ನಾಚಿಕೊಂಡು ಮೀಸೆ ಒರೆಸಿಕೊಂಡ. ಅಷ್ಟರಲ್ಲಿ ಮೂರನೆಯದು ಬಂದಿತ್ತು.

ಗುಡ್ಲಿನ ಮುಂದ್ಕೆ ಬಂದು ಅಂದಿಗೋಳು ಕೇಳ್ತಾವೆ
ಕೂಗೋನು ಎಲ್ಲೋದ ಯಜಮಾನ

ಈ ಸಲ ಆ ಜಾಗ ಬಂದಾಗ ನಡುಮನೆ ತುಂಬ ಗಲ್ಲಗಳು ಎದ್ದವು. ಗಂಡಸರು, ಬಾಗಿಲಲ್ಲಿದ್ದ ಹೆಂಗಸರು, ಜಗಲಿಯಲ್ಲಿದ್ದ ಚಿಕ್ಕತಾಯಮ್ಮ ಹಲ್ಲಿಲ್ಲದ ಬಾಯಲ್ಲಿ, ಎಲ್ಲರೂ ಬೆಳಗಿನ ಹುಂಜಗಳ ಹಾಗೆ ಕತ್ತು ನಿಗುರಿಸಿ, ಒಂದು ಕಣ್ಣು ಮುಚ್ಚಿ, ಮೂಗಿನಲ್ಲಿ "ಮಾ" ಎಂದು ಎಳೆದರು. ಸ್ವರ ಸರಿಯಾಗಿ ಅಲ್ಲೇ ಬಂದು ಕೂತಿತು. ಒಬ್ಬರನ್ನೊಬ್ಬರು ನೋಡಿಕೊಂಡದ್ದೇ ನಗು ಒಡೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸ್ವಾಮಿ ತಬಲಾದ ಮೇಲೆ ಬಿದ್ದು ನಗುತ್ತಲೇ ಹೊಡೆದ. ಪುಟ್ಟಬಸಪ್ಪ ಮಾತ್ರ ನಗಲಿಲ್ಲ. ತಿದಿ ಎಳೆಯುವ ಕೈಯ ತೋಳಿಗೆ ಮುಖ ಒತ್ತಿ ಒಂದು ಸಲ ಒರೆಸಿಕೊಂಡು, ಬೆರಳು ನಿಲ್ಲಿಸದೆ ನುಡಿಸಿದ.

ಮಂಗಳಗೌರಿ ಹೊಸ್ತಿಲ ಮೇಲೆ ಕೂತೇ ಇದ್ದಳು. ಅವಳ ಗಂಡ ಇದ್ದ. ಅಷ್ಟೂ ಜನರ ಗಲ್ಲದಲ್ಲಿ, ಮುಚ್ಚಿದ ಕಣ್ಣಿನಲ್ಲಿ, ಪೆದ್ದ ಪೆದ್ದಾಗಿ, ಇದ್ದದ್ದು ಇದ್ದ ಹಾಗೆಯೇ ಇದ್ದ. ಅವಳು ಬಾಯಿಗೆ ಸೆರಗು ಇಟ್ಟುಕೊಳ್ಳದೆ ನಕ್ಕಳು.

ಕೊನೆಯ ಪದ್ಯ ಬಂತು.

ವರ್ಸ ಪೂರ್ತಿ ಕೂಗ್ದೆ ಓಗೊಡಲಿಲ್ಲ ನೀನು
ಇನ್ನು ಕೂಗಾಕಿಲ್ಲ, ಓಗ್ಬಾ ಯಜಮಾನ

ಎಲ್ಲರೂ ಸೇರಿ ಆ 'ಮಾ'ವನ್ನು ಎಳೆದು ಬಿಟ್ಟರು. ಪೆಟ್ಟಿಗೆ ನಿಂತಿತು.

ಆಮೇಲೆ ಗದ್ದಲ. "ಇನ್ನೊಂದ್ಸಲ ಬಸಪ್ಪಣ್ಣ! ಮೊದ್ಲಿಂದ! ಅಂದಿ ಪದ್ಯ ಇನ್ನೊಂದ್ಸಲ!" ಲಿಂಗಯ್ಯ ಎಲ್ಲರಿಗಿಂತ ಜೋರಾಗಿ ಕೂಗಿದ. ಪುಟ್ಟಬಸಪ್ಪನ ಮುಖ ಬೆಳಗಿತು. ಅಷ್ಟು ವರ್ಷಗಳಲ್ಲಿ ಅವನ ಮಟ್ಟು ಕೇಳಿ ಯಾರೂ ಇನ್ನೊಂದು ಸಲ ಎಂದಿರಲಿಲ್ಲ. ಅವನು ತಂಗಿಯ ಕಡೆ ತಿರುಗಿದ.

"ಬ್ಯಾಡ" ಎಂದಳು ಮಂಗಳಗೌರಿ.

"ಎಲ್ರೂ ಕೇಳ್ತಾವ್ರೆ ಕಣಮ್ಮಿ."

"ಓಗ್ಬಾ ಅಂತ ಈಗ್ತಾನೆ ಕಳುಸ್ಕೊಟ್ಟಿವ್ನಿ. ಬಾಗ್ಲು ದಾಟ್ದೋರ್ನ ಮತ್ತೆ ಕೂಗಿ, ಮೂಲೇಲಿ ಕೆರ ಅವೆ ಅಂತ ಮೊದ್ಲಿಂದ ಶುರು ಮಾಡದಾ? ನಂದು ಮುಗೀತು."

"ನಿಂಗ್ ಮುಗೀತು. ನಮಗೆ ಬೇಕು!" ಎಂದ ಪುಟ್ಟಬಸಪ್ಪ. ಎಂದಿನ ಕೋಪ ಅವನ ಮೂಗಿನ ತುದಿಗೆ ವಾಪಸು ಬಂದಿತ್ತು. "ನಿನ್ ಗಂಡ ನಿಂಗೆ ಮಾತ್ರ ಗಂಡ. ನಂಗೆ ಬಾವ. ಇವ್ರಿಗೆಲ್ಲ ಏನೇನೋ. ನಾವ್ ಇನ್ನೂ ಕಳ್ಸಿಲ್ಲ."

ಮಂಗಳಗೌರಿ ಅಣ್ಣನನ್ನು ದಿಟ್ಟಿಸಿ ನೋಡಿದಳು. ಜಗಳಕ್ಕೆ ಮಾತು ನಾಲಿಗೆಯ ತನಕ ಬಂದಿತ್ತು. ನುಂಗಿಕೊಂಡಳು.

"ನೀನೇಳದೂ ಸರಿಯೇ. ನುಡುಸ್ಕೊ" ಎಂದಳು. "ನಿಂಗೆ ಸಾಕು ಅನ್ಸೋಗಂಟ ನುಡುಸ್ಕೊ. ತಾಳವಾಡಿ ಪ್ಯಾಟೆಗೆ ಬೇಕಾದ್ರೂ ತಗಂಡೋಗಿ ನುಡುಸ್ಕೊ. ನನ್ನ ಮಾತ್ರ ಕರೀಬ್ಯಾಡ."

ಎದ್ದಳು. ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಜನರ ಕಾಲು ಕೈ ದಾಟಿಕೊಂಡು, ಇಬ್ಬರು ಹೆಂಗಸರ ಭುಜ ಹಿಡಿದು ಜಗಲಿ ಇಳಿದಳು. "ಕಾಪಿ ತರಕ್ಕೆ ಓದ್ಲು" ಎಂದರು ಯಾರೋ. ಒಳಗೆ ತಿದಿ ಉಸಿರೆಳೆಯಿತು, ಸ್ವಾಮಿಯ ತಬಲಾ ಹಾಲು ಕರೆಯುವ ಸದ್ದು ಹಿಡಿಯಿತು. 'ಮೂಲೇಲಿ ನಿಂತಾವೆ' ಎಂದು ಇಡೀ ಮನೆ ಹಾಡಿತು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಮೂರು ಫೇಸಿನ ಕರೆಂಟು ಬಂದು, ಹೊಲದ ಕಡೆ ಮೋಟಾರು ಗುಂಯ್ ಎನ್ನುತ್ತಿತ್ತು; ಬೀಟ್ರೂಟಿನ ಮಡಿಗೆ ನೀರು ತಿರುಗಿಸುವವರಿಲ್ಲದೆ ಒಂದೇ ಕಡೆ ಹರಿದು ಹಾಳಾಗುತ್ತಿರಬೇಕು. ಮಂಗಳಗೌರಿ ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ಹೆಗಲ ಮೇಲೆ ಇಟ್ಟುಕೊಂಡಳು.

"ಅವ್ವೋ, ಎಲ್ಲಿಗ್ ಓಯ್ತಿದ್ದೀಯೆ? ಬಾರವ್ವ, ಅಂದಿ ಪದ್ಯ ಬಂತು!" ಎಂದು ಶೈಲಶ್ರೀ ಜಗಲಿಯಿಂದ ಕೂಗಿದಳು.

ಮಂಗಳಗೌರಿ ತಿರುಗದೆ ಕೈಯೊಂದನ್ನು ಎತ್ತಿ ಅಲ್ಲಾಡಿಸಿದಳು. ಹಿಂದಿನಿಂದ ಮನೆಗೆ ಮನೆಯೇ ನಗುವುದು ಕೇಳಿಸಿತು. ಅವಳು ಬೇಲಿಯ ಸಂದಿಯಲ್ಲಿ ನುಸುಳಿ ಹೊಲದ ದಾರಿ ಹಿಡಿದಳು. ಮೇಳದವರು ಅದೇ ಪದವನ್ನು ಹಾಡಿ ಹಾಡಿ, ಸುಸ್ತಾಗಿ, ಎಲೆ ಅಡಿಕೆ ಹಾಕಿಕೊಂಡು, ಪೆಟ್ಟಿಗೆ ಕಟ್ಟಿ ಎದ್ದು ಹೋಗುವವರೆಗೂ ಅವಳು ವಾಪಸು ಬರಲಿಲ್ಲ.